ಬ್ಯಾಕ್ಸ್‌ಟರ್ ಸ್ಪ್ರಿಂಗ್ಸ್, 1863: ಮೋಟುಗೋಡೆಯ ಕೋಟೆ ಉಳಿಯಿತು, ಜನರಲ್‌ನ ದಂಡು ಯಾಕೆ ಹೋಯಿತು?

ಗಡಿಠಾಣೆ: ಅಮೆರಿಕದ ಅಂತರ್ಯುದ್ಧ, ಕಾನ್ಸಾಸ್‌ನ ಆಗ್ನೇಯ ಮೂಲೆ, ಅಕ್ಟೋಬರ್ 6. ಚಳಿಗಾಲ ಕಳೆಯಲು ಟೆಕ್ಸಾಸ್‌ಗೆ ಹೊರಟಿದ್ದ ದಕ್ಷಿಣದ ಪರ ಗೆರಿಲ್ಲಾ ನಾಯಕ ಕ್ವಾಂಟ್ರಿಲ್‌ನ ಸುಮಾರು 400 ಸವಾರರು ದಾರಿಯಲ್ಲಿ ಬ್ಯಾಕ್ಸ್‌ಟರ್ ಸ್ಪ್ರಿಂಗ್ಸ್‌ನಲ್ಲಿದ್ದ ಉತ್ತರದ (ಯೂನಿಯನ್) ಸೈನ್ಯದ ಕೋಟೆ ಫೋರ್ಟ್ ಬ್ಲೇರ್ ಮೇಲೆ ಬಿದ್ದರು. ಮಣ್ಣು, ಮರದ ದಿಮ್ಮಿಯ ಗೋಡೆ, ಎತ್ತರ ನಾಲ್ಕು ಅಡಿಯಷ್ಟೇ. ಜಾಗ ಹಿಗ್ಗಿಸಲೆಂದು ಕೋಟೆಯ ಅಧಿಕಾರಿ ಲೆಫ್ಟಿನೆಂಟ್ ಪಾಂಡ್ ಪಶ್ಚಿಮದ ಗೋಡೆ ಕೆಡವಿಸಿದ್ದ. ಸುಮಾರು 60 ಜನರನ್ನು ಮೇವು ತರಲೂ ಕಳಿಸಿದ್ದ. ಉಳಿದವರು ಗೋಡೆಯಾಚೆ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಇಷ್ಟೆಲ್ಲ ತಪ್ಪಿದ್ದೂ ಕೋಟೆ ಬೀಳಲಿಲ್ಲ. ನನ್ನ ಪ್ರಕಾರ ಅದನ್ನು ಉಳಿಸಿದ್ದು ಪಾಂಡ್‌ನ ತೋಪು.

ಮದ್ದಿನಮನೆ: ತೋಪೊಂದೇ ಅಂದರೆ ಒಪ್ಪುವುದು ಕಷ್ಟ ಸಾರ್. ಅದು 12 ಪೌಂಡರ್ ಮೌಂಟನ್ ಹೊವಿಟ್ಜರ್ ಎಂಬ ಗಿಡ್ಡ ತೋಪು, ನಳಿಗೆಯ ತೂಕವೇ 100 ಕಿಲೋ. ಪ್ರತಿ ಸಲ ನಳಿಗೆ ಒರೆಸಬೇಕು, ಅರ್ಧ ಪೌಂಡ್ ಮದ್ದಿನ ಚೀಲ ಮತ್ತು ಗುಂಡನ್ನು ತಳದವರೆಗೆ ದೂಡಬೇಕು, ಮೇಲಿನ ಕಿಂಡಿಯಿಂದ ಸೂಜಿ ಇಳಿಸಿ ಚೀಲ ಚುಚ್ಚಬೇಕು, ಕಿಡಿ ಹಚ್ಚುವ ಪ್ರೈಮರ್ ಸಿಕ್ಕಿಸಿ ಹಗ್ಗ ಎಳೆಯಬೇಕು. ದೂಡುವಾಗ ಇನ್ನೊಬ್ಬ ಆ ಕಿಂಡಿಯನ್ನು ಹೆಬ್ಬೆರಳಿಂದ ಒತ್ತಿ ಹಿಡಿಯದಿದ್ದರೆ ಒಳಗುಳಿದ ಕಿಡಿಗೆ ಗಾಳಿ ಸಿಕ್ಕಿ ಮದ್ದು ಹೊತ್ತಿಕೊಳ್ಳುತ್ತದೆ, ದೂಡುವವನ ಕೈ ಹೋಗುತ್ತದೆ. ಪಾಂಡ್ ಗೋಡೆಯಾಚೆ ಒಬ್ಬನೇ ನಿಂತು ಮೂರು ಸಲ ಹಾರಿಸಿದ. ಕುದುರೆಗಳು ಬೆದರಿರುತ್ತವೆ, ಸರಿ. 400 ಜನರನ್ನು ತಡೆಯಲು ಮೂರು ಗುಂಡು ಸಾಲದು.

ಕಾಲಾಳು: ತಡೆದವರು ಸೆಕೆಂಡ್ ಕಾನ್ಸಾಸ್ ಕಲರ್ಡ್ ಇನ್‌ಫೆಂಟ್ರಿಯ ಕಪ್ಪು ಸೈನಿಕರು. ಊಟ ಬಿಟ್ಟು, ಗುಂಡಿನ ಮಳೆಯಲ್ಲೇ ಓಡಿ ಒಳಸೇರಿ ಬಂದೂಕು ಹಿಡಿದರು. ಸಿಕ್ಕಿಬಿದ್ದರೆ ಜೀವ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಪಾಂಡ್ ತನ್ನ ವರದಿಯಲ್ಲೇ ಅವರನ್ನು ಹೊಗಳಿದ್ದಾನೆ. ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂದದ್ದು ಮಾತ್ರ ಪಾಂಡ್‌ಗೆ, ಅದೂ 1898ರಲ್ಲಿ.

ಮದ್ದಿನಮನೆ: ಆಯುಧದ ಲೆಕ್ಕವನ್ನೂ ಸೇರಿಸಿ. ಗೆರಿಲ್ಲಾಗಳ ಬಲ ರಿವಾಲ್ವರ್, ಒಬ್ಬೊಬ್ಬನ ಹತ್ತಿರ ಎರಡು, ಮೂರು, ಇನ್ನೂ ಹೆಚ್ಚು. ಇಪ್ಪತ್ತು ಮೂವತ್ತು ಗಜದೊಳಗೆ ಅದಕ್ಕೆ ಸಾಟಿಯಿಲ್ಲ. ಆದರೆ ಖಾಲಿಯಾದ ಮೇಲೆ ಆರೂ ಕೋಣೆಗೆ ಮದ್ದು ಸುರಿದು, ಸೀಸ ಒತ್ತಿ, ಹಿಂದೆ ಕಿಡಿ ಹಚ್ಚುವ ಕ್ಯಾಪ್ ಕೂರಿಸಬೇಕು. ಕುಣಿಯುವ ಕುದುರೆ ಮೇಲೆ ಆಗುವ ಕೆಲಸವಲ್ಲ. ಗೋಡೆಗೆ ಬಂದೂಕು ಊರಿ ಗುರಿಯಿಡುವವನ ಎದುರು ಸವಾರನಿಗೇ ನಷ್ಟ.

ಹುಲ್ಲುಗಾವಲು: ಮಾರಾಯ್ರೇ, ಕೋಟೆ ಹಿಡಿಯುವುದೇ ಕ್ವಾಂಟ್ರಿಲ್‌ನ ಗುರಿ ಅಂತ ಯಾಕೆ ಹಿಡಿದು ಕೂತಿದ್ದೀರಿ? ಕೋಟೆಗೆ ನುಗ್ಗಿದ್ದು ಡೇವ್ ಪೂಲ್‌ನ ತುಕಡಿ. ಕ್ವಾಂಟ್ರಿಲ್ ಉಳಿದವರೊಂದಿಗೆ ಉತ್ತರಕ್ಕೆ ಸುತ್ತಿ ಬಯಲಿಗೆ ಬಂದಾಗ ಎದುರು ಸಿಕ್ಕವನು ಯೂನಿಯನ್ ಜನರಲ್ ಬ್ಲಂಟ್. ಫೋರ್ಟ್ ಸ್ಕಾಟ್‌ನಿಂದ ಫೋರ್ಟ್ ಸ್ಮಿತ್‌ಗೆ ಮುಖ್ಯ ಕಚೇರಿ ಸಾಗಿಸುತ್ತಿದ್ದ, ಬೆಂಗಾವಲು ನೂರರ ಆಸುಪಾಸು. ಕೋಟೆಯ ಹತ್ತಿರ ಬಂದು, ಹಿಂದುಳಿದ ಬಂಡಿಗಳು ಮತ್ತು ಬ್ಯಾಂಡ್‌ನವರು ಬರಲಿ ಎಂದು ದಂಡು ನಿಲ್ಲಿಸಿದ್ದ. ಎದುರಿನ ಸಾಲಿನಲ್ಲಿ ಯೂನಿಯನ್ ಸೈನ್ಯದ ನೀಲಿ ಸಮವಸ್ತ್ರ ಕಂಡಿತು, ತನ್ನನ್ನು ಸ್ವಾಗತಿಸಲು ಕೋಟೆಯಿಂದ ಬಂದವರೆಂದುಕೊಂಡ. ಕೊಂದ ಸೈನಿಕರಿಂದ ಕಿತ್ತ ನೀಲಿ ಕೋಟು ತೊಡುವುದು ಈ ಗೆರಿಲ್ಲಾಗಳ ಹಳೆಯ ಚಾಳಿ, ಗಡಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು!

ಗಡಿಠಾಣೆ: ಬ್ಲಂಟ್ ಬೇಹುಗಾರನನ್ನು ಮುಂದೆ ಕಳಿಸಿದ್ದನಲ್ಲ?

ಹುಲ್ಲುಗಾವಲು: ಕಳಿಸಿದ, ನಿಂತ ಮೇಲೆ. ಇವರು ಶತ್ರುಗಳು, ಕೋಟೆಯಲ್ಲಿ ಕಾಳಗ ನಡೆದಿದೆ ಎಂಬ ಸುದ್ದಿ ಬರುವಷ್ಟರಲ್ಲಿ ಅವರು ಮೈಮೇಲೆ ಬಂದಾಗಿತ್ತು. ಒಂದೆರಡು ಮೈಲಿ ಮುಂಚೆಯೇ ನಾಲ್ಕು ಸವಾರರು ಮುಂದೆ ಹೋಗಿದ್ದರೆ ಗುಂಡಿನ ಸದ್ದಾದರೂ ಕಿವಿಗೆ ಬೀಳುತ್ತಿತ್ತು. ಬ್ಲಂಟ್‌ನ ಸಾಲು ಒಡೆದು ಓಡಿತು. ಓಡುವವನ ಬೆನ್ನಟ್ಟಲು ರಿವಾಲ್ವರ್‌ನಷ್ಟು ಒಳ್ಳೆಯ ಆಯುಧ ಇನ್ನೊಂದಿಲ್ಲ. ಬ್ಯಾಂಡ್ ಬಂಡಿಯ ಚಕ್ರ ಕಳಚಿತು, ಅದರಲ್ಲಿದ್ದವರೆಲ್ಲ ಸತ್ತರು. ಶರಣಾದವರನ್ನೂ ಕೊಂದರು. ಸತ್ತ ಸುಮಾರು 100 ಜನರಲ್ಲಿ ಹೆಚ್ಚಿನವರು ಬಯಲಿನವರು, ಕೋಟೆಯವರಲ್ಲ.

ಕಾಲಾಳು: ಹಾಗಿದ್ದರೆ ಗೆದ್ದ ಮೇಲೆ ಕ್ವಾಂಟ್ರಿಲ್ ಕೋಟೆಯತ್ತ ತಿರುಗಲಿಲ್ಲ ಯಾಕೆ? ಇನ್ನೊಮ್ಮೆ ನುಗ್ಗೋಣ ಅಂದವರೂ ಅವನ ಕಡೆ ಇದ್ದರು.

ಮದ್ದಿನಮನೆ: ಈಗ ಒಳಗಿದ್ದವರು ಎಚ್ಚರವಾಗಿದ್ದರು. ಹೊತ್ತೊಯ್ಯಲು ಗಾಯಾಳುಗಳಿದ್ದರು, ಬ್ಲಂಟ್‌ನ ಬಂಡಿಗಳ ಲೂಟಿ ಕೈಲಿತ್ತು. ಮೇವಿಗೆ ಹೋದವರು ಯಾವ ಹೊತ್ತಿಗಾದರೂ ಹಿಂದಿರುಗಬಹುದಿತ್ತು. ಗೋಡೆ ಏರಲು ಕುದುರೆ ಇಳಿಯಬೇಕು, ಇಳಿದರೆ ಗೆರಿಲ್ಲಾ ಬರೀ ಕೈಬಂದೂಕಿನ ಕಾಲಾಳು. ಅಂದೇ ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ನಡೆದ.

ಗಡಿಠಾಣೆ: ತೋಪಿನ ಪಾಲು ನಾನು ಪೂರ್ತಿ ಬಿಡುವುದಿಲ್ಲ. ತೆರೆದಿದ್ದ ಪಶ್ಚಿಮ ಬದಿಗೆ ಪೂಲ್ ಮತ್ತೆ ಯಾಕೆ ನುಗ್ಗಲಿಲ್ಲ ಅನ್ನುವುದಕ್ಕೆ ಬಂದೂಕೊಂದೇ ಉತ್ತರವಲ್ಲ.