ಲಿನಕ್ಸ್‌ಗೆ ಯಾವ ಪಾಸ್‌ವರ್ಡ್ ಮ್ಯಾನೇಜರ್? ಮುಂಬೈ-ಪುಣೆ ಕನ್ನಡ ಬಳಗದ ಪ್ರಶ್ನೋತ್ತರ

ಡೊಂಬಿವಲಿ: ಮೇಡಂ, ಉಬುಂಟು 24.04ಕ್ಕೆ ಯಾವುದು ಒಳ್ಳೇದು? ಒಂದೇ ಲ್ಯಾಪ್‌ಟಾಪ್.

ಸಿಸ್ಟಮ್ ಅಡ್ಮಿನ್: ಕೀಪಾಸ್‌ಎಕ್ಸ್‌ಸಿ. ಪಾಸ್‌ವರ್ಡೆಲ್ಲ ನಿಮ್ಮ ಯಂತ್ರದಲ್ಲೇ ಒಂದು ಬೀಗ ಹಾಕಿದ ಫೈಲಲ್ಲಿರುತ್ತೆ. ಟರ್ಮಿನಲ್‌ನಲ್ಲಿ ‘ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಕೀಪಾಸ್‌ಎಕ್ಸ್‌ಸಿ’ ಅಂತ ಕೊಡಿ. ಮನೆಯವರ ಫೋನೂ ಸೇರುವುದಾದರೆ ಸರ್ವರ್ ಮೂಲಕ ಹೊಂದಿಸೋ ಬಿಟ್‌ವಾರ್ಡನ್.

ಕೋತ್ರೂಡ್: ಇನ್ನೊಂದು ಗ್ರೂಪಿನ್ಯಾಗ ‘ಕೀಪಾಸ್‌ಎಕ್ಸ್‌ಸಿ ಪ್ರೊ’ ಅಂತ ಡೆಬ್ ಫೈಲ್ (ಇನ್‌ಸ್ಟಾಲ್ ಮಾಡೋ ಪ್ಯಾಕೇಜ್) ಬಂದಿತ್ರಿ. ಹಾಕಿ, ಹಳೇ ಡೇಟಾಬೇಸ್ ಅದರಾಗ ತೆರೆದೀನ್ರಿ. ಅದನ್ನ ತೆರಿಯೋ ಮಾಸ್ಟರ್ ಪಾಸ್‌ವರ್ಡ್ ಬದಲಿಸಿದ್ರ ಸಾಕೇನ್ರಿ?

ಸಿಸ್ಟಮ್ ಅಡ್ಮಿನ್: ಸಾಲದು. ಮೊದಲು ವೈಫೈ ಆಫ್ ಮಾಡಿ. ಲಿನಕ್ಸ್‌ಗೆ ಅಂಥ ಪ್ರೊ ಆವೃತ್ತಿಯೇ ಇಲ್ಲ. ಡೆಬ್ ಒಳಗಿನ ಸ್ಕ್ರಿಪ್ಟ್ ಇನ್‌ಸ್ಟಾಲ್ ಆಗುವಾಗಲೇ ರೂಟ್ ಅಧಿಕಾರದಲ್ಲಿ, ಅಂದ್ರೆ ಯಂತ್ರದ ಪೂರ್ತಿ ಅಧಿಕಾರದಲ್ಲಿ ಓಡುತ್ತೆ. ಆಮೇಲೆ ಪ್ಯಾಕೇಜ್ ತೆಗೆದರೂ ಅದು ಇಟ್ಟುಹೋದದ್ದು ಉಳಿಯುತ್ತೆ. ನಿಮ್ಮ ಕೆಡಿಬಿಎಕ್ಸ್ ಫೈಲಿನ, ಅಂದ್ರೆ ಆ ಡೇಟಾಬೇಸಿನ ನಕಲು ಹೊರಗೆ ಹೋಗಿದ್ದರೆ ಅದು ಹಳೇ ಮಾಸ್ಟರ್‌ಗೇ ತೆರೆಯುತ್ತೆ. ಹಾಗಾಗಿ ಒಳಗಿರುವ ಒಂದೊಂದು ಪಾಸ್‌ವರ್ಡೂ ಬದಲಾಗಬೇಕು, ಅದೂ ಬೇರೆ ನಂಬಿಕೆಯ ಯಂತ್ರದಿಂದ. ಇಮೇಲ್ ಮೊದಲು, ಯಾಕಂದ್ರೆ ಉಳಿದೆಲ್ಲದರ ರಿಸೆಟ್ ಲಿಂಕ್ ಬರೋದು ಅಲ್ಲಿಗೇ. ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ. ಆಮೇಲೆ ಬ್ಯಾಂಕು. ಟಿಒಟಿಪಿ ಸೀಕ್ರೆಟ್ (ಆಗಾಗ ಬದಲಾಗೋ ಲಾಗಿನ್ ಕೋಡ್ ಹುಟ್ಟಿಸೋ ಗುಟ್ಟು) ಅದೇ ಡೇಟಾಬೇಸಲ್ಲಿದ್ದರೆ ಅದೂ, ಬೇರೆ ಯಂತ್ರಕ್ಕೆ ಲಾಗಿನ್ ಆಗೋ ಎಸ್‌ಎಸ್‌ಎಚ್ ಕೀಗಳೂ ಹೊಸದಾಗಬೇಕು. ಕೊನೆಗೆ ಡಿಸ್ಕ್ ಅಳಿಸಿ ಉಬುಂಟು ಹೊಸದಾಗಿ ಹಾಕಿ. ಕೆಡಿಬಿಎಕ್ಸ್, ದಾಖಲೆ, ಫೋಟೊ ಮಾತ್ರ ತನ್ನಿ. ಟರ್ಮಿನಲ್ ತೆರೆದಾಗಲೆಲ್ಲ ಓಡೋ ಬ್ಯಾಶ್‌ಆರ್‌ಸಿಯಂಥ ಸೆಟ್ಟಿಂಗ್ ಫೈಲ್ ಬೇಡ.

ಪೊವಾಯಿ: ಉಬುಂಟುಗೆ ಯಾವುದು ಬೆಸ್ಟ್ ಮೇಡಂ?

ಸಿಸ್ಟಮ್ ಅಡ್ಮಿನ್: ಮೇಲೆ ಓದಿ.

ಮಡಗಾಂವ್: ಡೆಬಿಯನ್ 13. ಕೀಪಾಸ್‌ಎಕ್ಸ್‌ಸಿಗೆ ಬ್ರೌಸರ್ ಜೋಡಣೆ ಆಗ್ತಿಲ್ಲ.

ಸಿಸ್ಟಮ್ ಅಡ್ಮಿನ್: ಕೀಪಾಸ್‌ಎಕ್ಸ್‌ಸಿ-ಫುಲ್ ಹಾಕಿ, ಮಿನಿಮಲ್ ಪ್ಯಾಕೇಜ್‌ನಲ್ಲಿ ಆ ಜೋಡಣೆ ಇಲ್ಲ. ಬ್ರೌಸರನ್ನು ಫ್ಲ್ಯಾಟ್‌ಪ್ಯಾಕ್ ಆಗಿ ಹಾಕಿದ್ದರೆ, ಅದನ್ನು ಉಳಿದ ಪ್ರೋಗ್ರಾಂಗಳಿಂದ ಬೇರೆ ಇಡೋ ಸ್ಯಾಂಡ್‌ಬಾಕ್ಸ್ ಅಡ್ಡ ಬರುತ್ತೆ.

ಘಾಟ್ಕೋಪರ್: ಕೀಪಾಸ್‌ಎಕ್ಸ್‌ಸಿ ಫೈಲೇ ಕಳೆದ್ರೆ? ಎಲ್ರೂ ಬಿಟ್‌ವಾರ್ಡನ್ ಹಾಕ್ಕೊಳ್ಳಿ.

ವಿಮಾನ್‌ನಗರ: ಮಂದಿ ಸರ್ವರ್‌ನಲ್ಲಿ ನಮ್ಮ ಗುಟ್ಟು ಯಾಕೆ? 2022ರಲ್ಲಿ ಇಂಥದ್ದೇ ಸೇವೆಯಾದ ಲಾಸ್ಟ್‌ಪಾಸ್‌ನ ವಾಲ್ಟ್ (ಪಾಸ್‌ವರ್ಡ್ ಪೆಟ್ಟಿಗೆ) ಬ್ಯಾಕಪ್‌ಗಳೇ ಕಳುವಾದವು.

ಘಾಟ್ಕೋಪರ್: ಬಿಟ್‌ವಾರ್ಡನ್ ಎನ್‌ಕ್ರಿಪ್ಟ್ ಮಾಡೋದು ನಮ್ಮ ಯಂತ್ರದಲ್ಲೇ.

ವಿಮಾನ್‌ನಗರ: ಲಾಸ್ಟ್‌ಪಾಸೂ ಪಾಸ್‌ವರ್ಡ್‌ಗಳಿಗೆ ಅದನ್ನೇ ಮಾಡ್ತಿತ್ತು. ವೆಬ್ ವಿಳಾಸಗಳಂಥವು ಮಾತ್ರ ಎನ್‌ಕ್ರಿಪ್ಟ್ ಆಗದೆ ಬೋಳಾಗಿದ್ದವು. ತಿಳ್ಕೊಂಡು ಮಾತಾಡಿ.

ಠಾಣೆ: ಫೆಡೋರಾದಲ್ಲಿ ಬೆರಳಚ್ಚಿಂದ ತೆರೆಯೋದು ಹೇಗೆ?

ಪೊವಾಯಿ: ಫಾರ್ವರ್ಡ್ ಬಂದಿದೆ: ಟೆಕ್ಸ್ಟ್ ಫೈಲ್ ಹೆಸರಿನ ಮುಂದೆ ಚುಕ್ಕಿ ಇಟ್ಟರೆ ಪಾಸ್‌ವರ್ಡ್ ಯಾರಿಗೂ ಕಾಣಲ್ಲವಂತೆ.

ಸಿಸ್ಟಮ್ ಅಡ್ಮಿನ್: ‘ಎಲ್‌ಎಸ್ -ಎ’ ಕೊಟ್ಟರೆ ಕಾಣುತ್ತೆ. ಅದು ಬೀಗ ಅಲ್ಲ. ಇಂಥದ್ದನ್ನು ಇಲ್ಲಿ ತಂದು ಹಾಕಬೇಡಿ. ಮೇಲೆ ಒಬ್ಬರ ಗತಿ ನೋಡಿದಿರಲ್ಲ.

ಘಾಟ್ಕೋಪರ್: ವಿಮಾನ್‌ನಗರದವರೇ, ನಿಮ್ಮ ಬ್ಯಾಕಪ್ ಎಲ್ಲಿದೆ ಹೇಳಿ ನೋಡೋಣ.

ಸಿಸ್ಟಮ್ ಅಡ್ಮಿನ್: ಇಬ್ಬರೂ ನಿಲ್ಲಿಸಿ. ಕೋತ್ರೂಡ್, ಆಫೀಸಿನ ಪಾಸ್‌ವರ್ಡ್ ಏನಾದ್ರೂ ಅದೇ ಡೇಟಾಬೇಸಲ್ಲಿತ್ತಾ?

ಕೋತ್ರೂಡ್: ಆಫೀಸ್ ನೆಟ್‌ವರ್ಕಿಗೆ ಹೋಗೋ ವಿಪಿಎನ್‌ದು ಐತ್ರಿ.

ಸಿಸ್ಟಮ್ ಅಡ್ಮಿನ್: ಹಾಗಾದ್ರೆ ಈಗಲೇ ಆಫೀಸಿನ ಐಟಿಯವರಿಗೆ ಫೋನ್ ಮಾಡಿ. ಆ ಲ್ಯಾಪ್‌ಟಾಪಿಂದ ಮೇಲ್ ಕಳಿಸಬೇಡಿ.