ಬಾಗಲಕೋಟೆ: ಆನೆಕಾಲು ಸಮೀಕ್ಷೆಯ ಗ್ರಾಫ್ ಮಧ್ಯೆ ಮಧ್ಯೆ ಸೊನ್ನೆಗೆ ಬೀಳುತ್ತಿದೆ, ಯಾರಾದರೂ ನೋಡಿ

ಘಟಪ್ರಭಾ_ದಂಡೆ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಬಾಗಲಕೋಟೆ ಊರಿನ ಆನೆಕಾಲು ರೋಗದ ರಕ್ತ ಸಮೀಕ್ಷೆಯ ಹಳೆ ರಿಜಿಸ್ಟರ್‌ಗಳನ್ನು ಸ್ಪ್ರೆಡ್‌ಶೀಟಿಗೆ ಹತ್ತಿಸಿದ್ದೇನೆ. ವರ್ಷ, ವಾರ್ಡ್, ನೋಡಿದ ಸ್ಲೈಡ್, ಪಾಸಿಟಿವ್, ಇಷ್ಟೇ ಕಾಲಮ್. ಪಾಸಿಟಿವ್ ಸಂಖ್ಯೆಯನ್ನು ಸ್ಲೈಡ್ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮೈಕ್ರೋಫೈಲೇರಿಯಾ ದರ, ಅಂದರೆ ರಕ್ತದಲ್ಲಿ ಆನೆಕಾಲು ಹುಳದ ಮರಿ ಇರುವವರು ನೂರಕ್ಕೆ ಎಷ್ಟು ಅನ್ನೋದು, ಬರಬೇಕು ಅಲ್ವಾ? ಮೊದಲಿನ ವರ್ಷಗಳಲ್ಲಿ ಗೆರೆ ಚೆನ್ನಾಗಿ ಇಳಿಯುತ್ತಾ ಬರುತ್ತದೆ. ಆಮೇಲೆ ಒಮ್ಮೆಲೇ ಸೊನ್ನೆಗೆ ಬಿದ್ದು ಅಲ್ಲೇ ಕೂರುತ್ತದೆ. ಸ್ವಲ್ಪ ವರ್ಷ ಬಿಟ್ಟು ಮತ್ತೆ ಏಳುತ್ತದೆ. ಒಂದು ಕಡೆ ಗೆರೆನೇ ಇಲ್ಲ. ರೋಗ ಹೋಗಿ ಮತ್ತೆ ಬಂತಾ ಅಂತ ನಮ್ಮ ಗೈಡ್ ಕೇಳುತ್ತಾರೆ, ನಾನು ಏನು ಹೇಳಲಿ? ಸೂತ್ರ ಸರಿ ಇದೆ, ನೋಡಿದ್ದೇನೆ. ಲಿಬ್ರೆ ಆಫೀಸ್. ಬೇಗ ಹೇಳಿ.

ಕೀಲಿಮಣೆ_ರಾಯರು
ಇದು ನೂರಕ್ಕೆ ನೂರು ಕನ್ನಡ ಅಂಕಿಯ ತೊಂದರೆ. ಯಾರೋ ಕೆಲವು ಹಾಳೆಗಳಲ್ಲಿ ೧೨, ೧೫ ಅಂತ ಟೈಪ್ ಮಾಡಿರುತ್ತಾರೆ. ನಮ್ಮ ಕಣ್ಣಿಗೆ ಸಂಖ್ಯೆ, ಶೀಟಿಗೆ ಎಷ್ಟೋ ಸಲ ಅಕ್ಷರ. ಮೊತ್ತ ಹಾಕಿದರೆ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ, ಭಾಗಿಸಿದರೆ ಎರರ್ ಕೊಡುತ್ತದೆ. ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡಿದ್ದರೆ ಅಕ್ಷರ, ಬಲಕ್ಕೆ ಇದ್ದರೆ ಸಂಖ್ಯೆ. ನೋಡಿ ಹೇಳಿ.

ಘಟಪ್ರಭಾ_ದಂಡೆ
ಹೌದು ಸರ್, ಒಂದು ವರ್ಷದ್ದು ಪೂರ್ತಿ ಎಡಕ್ಕಿತ್ತು. ಬದಲಾಯಿಸಿದೆ. ಗೆರೆ ಇಲ್ಲದ ಜಾಗದಲ್ಲಿ ಗೆರೆ ಬಂತು. ಆದರೆ ಸೊನ್ನೆ ಹಾಗೇ ಇದೆ.

ಕೀಲಿಮಣೆ_ರಾಯರು
ಹಾಗಾದರೆ ಇನ್ನೂ ಎಲ್ಲೋ ಉಳಿದಿದೆ. ಅಂಕಿಯ ಹಿಂದೆ ಕಾಣದ ಸ್ಪೇಸ್ ಇರುತ್ತದೆ, ಟ್ರಿಮ್ ಹಾಕಿ. ಜಿಲ್ಲೆಯ ಹೆಸರೂ ನೋಡಿ. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಹಿಂದಿನ ಹಾಳೆಯಲ್ಲಿ ಬಿಜಾಪುರ ಅಂತ ಇರುತ್ತದೆ. 2014ರ ನವೆಂಬರ್ ಆದ ಮೇಲೆ ಅದೇ ವಿಜಯಪುರ. ಹೆಸರು ನೋಡಿ ಗುಂಪು ಮಾಡುವ ಪಿವೊಟ್ ಟೇಬಲ್‌ಗೆ ಇವೆಲ್ಲ ಬೇರೆ ಬೇರೆ ಊರು. ನಾನು ಪಂಚಾಯಿತಿ ಲೆಕ್ಕಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಘಟಪ್ರಭಾ_ದಂಡೆ
ಟ್ರಿಮ್ ಹಾಕಿದೆ. ಹೆಸರೆಲ್ಲ ಒಂದೇ ಮಾಡಿದೆ. ಸೊನ್ನೆ ಸೊನ್ನೆಯೇ.

ಕೀಲಿಮಣೆ_ರಾಯರು
ಫೈಲ್ ಹಾಕಿ. ಅಂಕಿ ಅಕ್ಷರವಾಗಿಯೇ ಉಳಿದಿದೆ, ಬೇರೆ ಏನೂ ಅಲ್ಲ.

ಸ್ಲೈಡ್_ಪೆಟ್ಟಿಗೆ (ವಿಜಯಪುರ)
ಕಂಪ್ಯೂಟರ್ ಬಿಡಿ ಸರ್, ಸ್ಲೈಡ್ ಕಡೆ ನೋಡೋಣ. ಇಪ್ಪತ್ತು ಕ್ಯುಬಿಕ್ ಮಿಲಿಮೀಟರ್ ರಕ್ತವನ್ನು ಸ್ಲೈಡಿನ ಮೇಲೆ ದಪ್ಪಗೆ ಹಚ್ಚಿದ ಪದರ, ಅಂದರೆ ಸ್ಮಿಯರ್ ಇದು. ಚೆನ್ನಾಗಿ ಒಣಗದೆ ನೀರಿಗೆ ಇಳಿಸಿದರೆ ಪದರವೇ ಎದ್ದು ಹೋಗುತ್ತದೆ, ಅದರ ಜೊತೆ ಹುಳವೂ ಹೋಗುತ್ತದೆ. ರಾತ್ರಿಯಿಡೀ ಒಣಗಬೇಕು. ಮಾರನೇ ದಿನ ಬರೀ ನೀರಿನಲ್ಲಿ ಇಟ್ಟು ಕೆಂಪು ಪೂರ್ತಿ ಬಿಟ್ಟ ಮೇಲೆ ಬಣ್ಣ. ಆ ವರ್ಷ ಯಾವ ಸ್ಟೇನ್, ಅಂದರೆ ಬಣ್ಣ, ಬಳಸಿದ್ದರು? ಜೆಎಸ್‌ಬಿ ತಾನೇ? ಒಂದು ನಿಮಿಷದೊಳಗೆ ಮುಗಿಯುತ್ತದೆ, ಅಗ್ಗ. ದಿನಕ್ಕೆ ರಾಶಿ ಸ್ಲೈಡ್ ಬರುವ ಕಡೆ ಅದಕ್ಕೆ ಸಾಟಿ ಇಲ್ಲ.

ನೀಲಿ_ಹನಿ
ಸಾಟಿ ಇಲ್ಲ ಅನ್ನಬೇಡಿ. ಬೇಗ ಆಗುವುದೂ ಸರಿಯಾಗಿ ಕಾಣುವುದೂ ಬೇರೆ ಬೇರೆ. ಗೀಮ್ಸಾ ಅನ್ನೋ ಬಣ್ಣದಲ್ಲಿ ಹುಳದ ಒಳಗಿನ ನ್ಯೂಕ್ಲಿಯಸ್ ಒಂದೊಂದೂ ಬಿಡಿಯಾಗಿ ಕಾಣುತ್ತದೆ. ಬಾಲದ ತುದಿ ಖಾಲಿ ಇದ್ದರೆ ಬ್ಯಾಂಕ್ರಾಫ್ಟಿ ಜಾತಿಯ ಹುಳ, ತುದಿಯಲ್ಲಿ ಎರಡು ಚುಕ್ಕೆ ಇದ್ದರೆ ಬ್ರೂಜಿಯಾ ಜಾತಿ. ಅದು ಕಾಣದಿದ್ದರೆ ಏನು ನೋಡಿದ ಹಾಗಾಯಿತು?

ಸ್ಲೈಡ್_ಪೆಟ್ಟಿಗೆ (ವಿಜಯಪುರ)
ಬ್ಯಾಂಕ್ರಾಫ್ಟಿಯ ಕವಚ ಗೀಮ್ಸಾದಲ್ಲಿ ಬಣ್ಣ ಹಿಡಿಯುವುದೇ ಇಲ್ಲ, ಅದನ್ನೂ ಹೇಳಿ. ಈ ಭಾಗದಲ್ಲಿ ಇರುವುದು ಬ್ಯಾಂಕ್ರಾಫ್ಟಿಯೇ. ಇದೆಯೋ ಇಲ್ಲವೋ ಅನ್ನುವುದಕ್ಕೆ ಜೆಎಸ್‌ಬಿ ಸಾಕು.

ನೀಲಿ_ಹನಿ
ಹತ್ತಿಯ ಎಳೆಯನ್ನು ಹುಳ ಅಂತ ಎಣಿಸಿದ ಸ್ಲೈಡ್‌ಗಳನ್ನು ನಾನು ನೋಡಿದ್ದೇನೆ. ಆಗ ಸಾಕು ಅನ್ನೋ ಮಾತು ಎಲ್ಲಿಗೆ ಹೋಯಿತು?

ಮಸೂರ_ಪ್ರೇಮಿ
ಇಬ್ಬರದೂ ಸರಿ, ಆದರೆ ಬೆಳಕು ಸರಿ ಇಲ್ಲದಿದ್ದರೆ ಯಾವ ಸ್ಟೇನ್ ಆದರೂ ಅಷ್ಟೇ. ನನ್ನ ಹತ್ತಿರ ಕನ್ನಡಿ ಇರುವ ಹಳೆ ಒಂಟಿಕಣ್ಣಿನ ಮೈಕ್ರೋಸ್ಕೋಪ್ ಇದೆ. ಕನ್ನಡಿ ತೆಗೆದು ಎಲ್‌ಇಡಿ ಕೂರಿಸಿದ್ದೇನೆ, ಕರೆಂಟ್ ಹೋದರೆ ಪವರ್ ಬ್ಯಾಂಕ್‌ನಲ್ಲಿ ಓಡುತ್ತದೆ. ಮೊಬೈಲ್ ಹಿಡಿಸಲು ಪಿವಿಸಿ ಪೈಪಿನ ತುಂಡು. ಹತ್ತರ ಲೆನ್ಸಿನಲ್ಲಿ ಮೈಕ್ರೋಫೈಲೇರಿಯಾ ನೀಲಿ ದಾರದ ತುಂಡಿನ ಹಾಗೆ ಎದ್ದು ಕಾಣುತ್ತದೆ. ಫೋಟೋ ಹಾಕುತ್ತೇನೆ.

ಘಟಪ್ರಭಾ_ದಂಡೆ
ದಯವಿಟ್ಟು ನನ್ನ ಗ್ರಾಫ್ ಕಡೆ ಬನ್ನಿ. ಸ್ಲೈಡ್ ಯಾವುದೂ ನನ್ನ ಹತ್ತಿರ ಇಲ್ಲ, ಬರೀ ರಿಜಿಸ್ಟರ್.

ರಾತ್ರಿಪಾಳಿ
ತಮ್ಮಾ, ಒಂದೇ ಪ್ರಶ್ನೆ. ಆ ವರ್ಷಗಳ ರಕ್ತ ತೆಗೆದದ್ದು ಎಷ್ಟು ಗಂಟೆಗೆ?

ಘಟಪ್ರಭಾ_ದಂಡೆ
ರಿಜಿಸ್ಟರ್‌ನಲ್ಲಿ ಸಮಯದ ಕಾಲಮ್ ಇದೆ ಅಕ್ಕಾ. ನಾನು ಹತ್ತಿಸಲಿಲ್ಲ, ದರಕ್ಕೂ ಸಮಯಕ್ಕೂ ಏನು ಸಂಬಂಧ ಅಂತ. ಸೊನ್ನೆ ಇರುವ ವರ್ಷದ ಒಂದು ಪುಟದ ಫೋಟೋ ಇಲ್ಲಿದೆ. ಬೆಳಿಗ್ಗೆ ಹತ್ತು, ಹನ್ನೊಂದು ಅಂತ ಬರೆದಿದೆ. ಮೇಲೆ 'ಜ್ವರದ ಸ್ಲೈಡ್' ಅಂತ ಇದೆ.

ರಾತ್ರಿಪಾಳಿ
ಮೊದಲು ಆ ಫೋಟೋ ತೆಗೆಯಿರಿ. ರೋಗಿಗಳ ಹೆಸರು, ಓಣಿ ಎಲ್ಲ ಕಾಣುತ್ತಿದೆ. ಆನೆಕಾಲು ಅಂದರೆ ಮನೆಯ ಹೆಣ್ಣುಮಕ್ಕಳ ಮದುವೆ ಮಾತೇ ನಿಂತುಹೋಗುವ ಊರುಗಳು ನಮ್ಮವು. ಹೆಸರು ಮುಚ್ಚಿ ಮತ್ತೆ ಹಾಕಿ.

ಈಗ ವಿಷಯ. ಈ ಹುಳದ ಮರಿಗಳು ಹಗಲು ಬೆರಳಿನ ರಕ್ತದಲ್ಲಿ ಸಿಗುವುದಿಲ್ಲ. ಹಗಲೆಲ್ಲ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಇರುತ್ತವೆ. ರಾತ್ರಿ ಮೇಲೆ ಬರುತ್ತವೆ, ಹತ್ತರಿಂದ ಎರಡರ ನಡುವೆ ಜಾಸ್ತಿ. ಇದನ್ನು ಹರಡುವ ಕ್ಯುಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತೂ ಅದೇ. ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದ ಅಮೋಯ್‌ನಲ್ಲಿ ಇದನ್ನು 1870ರ ದಶಕದಲ್ಲೇ ಕಂಡುಕೊಂಡಿದ್ದರು. ಅದಕ್ಕೇ ರಾತ್ರಿ ಎಂಟೂವರೆ ಆದ ಮೇಲೆ ಬೆರಳು ಚುಚ್ಚುವ ಲ್ಯಾನ್ಸೆಟ್, ಸ್ಲೈಡ್ ಪೆಟ್ಟಿಗೆ, ಟಾರ್ಚ್ ಹಿಡಿದು ಮನೆ ಮನೆಗೆ ಹೋಗುವುದು. ಊಟ ಮುಗಿಸಿ ಮಲಗಿದವರನ್ನು ಎಬ್ಬಿಸುತ್ತೇವೆ, ಬೈಸಿಕೊಳ್ಳುತ್ತೇವೆ, ನಾಯಿ ಬೆನ್ನು ಹತ್ತುತ್ತದೆ. ಬೆಳಿಗ್ಗೆ ಹೋಗಿ ಬರುವಂತಿದ್ದರೆ ಯಾರು ಈ ಕಷ್ಟ ಪಡುತ್ತಿದ್ದರು?

ನಿಮ್ಮ ಪುಟದಲ್ಲಿರುವುದು ಮಲೇರಿಯಾಗೆ ತೆಗೆದ ಹಗಲಿನ ಸ್ಲೈಡ್. ಅದನ್ನು ನೋಡುವ ಕ್ರಮವೇ ಬೇರೆ. ಎಣ್ಣೆ ಹಾಕಿ ನೂರರ ಲೆನ್ಸಿನಲ್ಲಿ ಇಷ್ಟು ಫೀಲ್ಡ್ ಅಂತ ನೋಡಿ ಬಿಡುತ್ತಾರೆ. ಫೈಲೇರಿಯಾಗೆ, ಅಂದರೆ ಆನೆಕಾಲಿಗೆ, ಹತ್ತರ ಲೆನ್ಸಿನಲ್ಲಿ ಸ್ಮಿಯರ್ ಪೂರ್ತಿ ಉಜ್ಜಿ ನೋಡಬೇಕು. ಆ ಸಾಲುಗಳನ್ನು ಈ ಲೆಕ್ಕದಿಂದ ಹೊರಗೆ ತೆಗೆಯಿರಿ.

ಕೀಲಿಮಣೆ_ರಾಯರು
ಅದಿರಬಹುದು ಅಕ್ಕಾರ. ಆದರೂ ಅಂಕಿ ಅಕ್ಷರವಾಗಿರುವುದನ್ನು ಪೂರ್ತಿ ಬಿಡಬೇಡಿ. ಸಮಯದ ಕಾಲಮ್ ಹತ್ತಿಸುವಾಗ 24 ಗಂಟೆಯ ಲೆಕ್ಕದಲ್ಲಿ ಹಾಕಿ, ಇಲ್ಲಾಂದರೆ ರಾತ್ರಿ ಹತ್ತು ಬೆಳಿಗ್ಗೆ ಹತ್ತಾಗುತ್ತದೆ.

ರಾತ್ರಿಪಾಳಿ
ಇದು ಮುಖ್ಯವಾದ ಮಾತು, ಹಾಗೇ ಮಾಡಿ. ತಮ್ಮಾ, ಮತ್ತೆ ಏರುವ ವರ್ಷದ ಪುಟದಲ್ಲಿ ವಯಸ್ಸು ಏನಿದೆ? ಶಾಲೆಯ ಹೆಸರು ಇದೆಯಾ?

ಘಟಪ್ರಭಾ_ದಂಡೆ
ಎಲ್ಲ ಆರು, ಏಳು ವರ್ಷದ ಮಕ್ಕಳು. ಶಾಲೆಯ ಹೆಸರು ಇದೆ. ಸ್ಲೈಡ್ ನಂಬರ್ ಜಾಗದಲ್ಲಿ ಸ್ಟ್ರಿಪ್ ನಂಬರ್ ಇದೆ. ಅದನ್ನೇ ಸ್ಲೈಡ್ ಅಂತ ತೆಗೆದುಕೊಂಡಿದ್ದೆ.

ರಾತ್ರಿಪಾಳಿ
ಅದು ಟಾಸ್ ಸಮೀಕ್ಷೆ. ಹರಡುವುದು ನಿಂತಿದೆಯಾ ಅಂತ ನೋಡಲು ಮಾಡುವುದು. ಸಾಮೂಹಿಕ ಮಾತ್ರೆ ನುಂಗಿಸಲು ಶುರುವಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಸೋಂಕು ಸಿಕ್ಕರೆ ಸೊಳ್ಳೆ ಇನ್ನೂ ದಾಟಿಸುತ್ತಿದೆ ಅಂತ ಅರ್ಥ. ಅದರ ಸ್ಟ್ರಿಪ್ ಹಿಡಿಯುವುದು ದೊಡ್ಡ ಹುಳ ಬಿಡುವ ಆಂಟಿಜೆನ್ ಅನ್ನೋ ವಸ್ತುವನ್ನು, ಮರಿಯನ್ನಲ್ಲ. ಹಗಲಾದರೂ ನಡೆಯುತ್ತದೆ. ಆದರೆ ರಕ್ತದಲ್ಲಿ ಮರಿ ಇಲ್ಲದವರಲ್ಲೂ ಪಾಸಿಟಿವ್ ಬರಬಹುದು. ದೊಡ್ಡವರ ರಾತ್ರಿ ಸ್ಲೈಡ್, ಮಕ್ಕಳ ಸ್ಟ್ರಿಪ್, ಎರಡನ್ನೂ ಒಂದೇ ಗೆರೆಯಲ್ಲಿ ಎಳೆದರೆ ಅದು ಯಾವುದರ ಗೆರೆಯೂ ಅಲ್ಲ. ಬೇರೆ ಹಾಳೆ ಮಾಡಿ.

ತಿಂಗಳನ್ನೂ ಹತ್ತಿಸಿ. ನಮ್ಮ ದೇಶದಲ್ಲಿ 2004ರಿಂದ ಸಾಮೂಹಿಕವಾಗಿ ಆನೆಕಾಲಿನ ಔಷಧಿ ಡಿಇಸಿ ಮಾತ್ರೆ ಕೊಡುತ್ತಿದ್ದಾರೆ. ನುಂಗಿದ ಕೂಡಲೇ ರಕ್ತದ ಮರಿಗಳು ಬಹಳ ಕಡಿಮೆ ಆಗುತ್ತವೆ, ದೊಡ್ಡ ಹುಳ ಎಲ್ಲ ಸಾಯುವುದಿಲ್ಲ. ಅದಕ್ಕೆ ಮಾತ್ರೆ ಕೊಟ್ಟು ಆರು ತಿಂಗಳಾದ ಮೇಲೆ ರಕ್ತ ನೋಡುವುದು. ಬೇಗ ನೋಡಿದರೆ ಸುಳ್ಳು ಇಳಿಕೆ ಸಿಗುತ್ತದೆ.

ನೀಲಿ_ಹನಿ
ಹಗಲಲ್ಲೇ ಡಿಇಸಿ 100 ಮಿಲಿಗ್ರಾಂ ಕೊಟ್ಟು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತ ತೆಗೆಯುವ ಪದ್ಧತಿಯೂ ಇದೆಯಲ್ಲ. ಮರಿಗಳು ಹೊರಗೆ ಬರುತ್ತವೆ. ಹಗಲಿನ ಸಾಲನ್ನೆಲ್ಲ ಒಗೆಯುವ ಮೊದಲು ಅದನ್ನು ನೋಡಬೇಕು.

ರಾತ್ರಿಪಾಳಿ
ನಿಜ. ಆದರೆ ಹಾಗೆ ಮಾಡಿದ್ದರೆ ಮಾತ್ರೆ ಕೊಟ್ಟ ಸಮಯ ಪಕ್ಕದಲ್ಲಿ ಬರೆದಿರುತ್ತಾರೆ. ಜ್ವರದ ಸ್ಲೈಡಿಗೆ ಹಾಗೆ ಮಾಡುವುದಿಲ್ಲ.

ಸ್ಲೈಡ್_ಪೆಟ್ಟಿಗೆ (ವಿಜಯಪುರ)
ವಾರ್ಡ್ ವಿಷಯ ಯಾರೂ ಕೇಳಲಿಲ್ಲ. ಬಾಗಲಕೋಟೆ ಹಳೆ ಊರಿನ ತಗ್ಗಿನ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋದವು, ಜನ ನವನಗರಕ್ಕೆ ಬಂದರು. ಹಳೆ ಊರಿನ ತೆರೆದ ಚರಂಡಿ ಪಕ್ಕ ಹತ್ತಾರು ವರ್ಷ ಇದ್ದವರು ಈಗ ಸೆಕ್ಟರ್ ಲೆಕ್ಕದಲ್ಲಿ ಇದ್ದಾರೆ. ದೊಡ್ಡ ಹುಳ ಮೈಯಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಅಂದರೆ ಸೋಂಕು ಜನರ ಜೊತೆಗೇ ಬಂದಿರುತ್ತದೆ. ನವನಗರದಲ್ಲಿ ಪಾಸಿಟಿವ್ ಸಿಕ್ಕರೆ ಅದು ಅಲ್ಲಿಯ ಸೊಳ್ಳೆಯಿಂದಲೇ ಬಂತು ಅನ್ನಬೇಡಿ. ಹಳೆ ಊರಿನಲ್ಲಿ ದರ ಇಳಿದದ್ದರಲ್ಲಿ ಒಂದು ಪಾಲು ಜನ ಬಿಟ್ಟು ಹೋದದ್ದೂ ಇರಬಹುದು.

ಘಟಪ್ರಭಾ_ದಂಡೆ
ನಮ್ಮ ಮನೆಯವರೂ ಹಾಗೇ ಬಂದವರು. ವಾರ್ಡ್ ನಂಬರ್ ಒಂದೇ ಇದೆ ಅಂತ ಹಳೆಯದನ್ನೂ ಹೊಸದನ್ನೂ ಕೂಡಿಸಿಟ್ಟಿದ್ದೇನೆ. ಈಗ ಬಿಡಿಸಬೇಕು. ಹಾಗಾದರೆ ಊರಿಗೆ ಒಂದು ಗೆರೆ ಎಳೆಯುವುದೇ ಆಗಲ್ವಾ?

ರಾತ್ರಿಪಾಳಿ
ಆಗುತ್ತದೆ. ಪ್ರತಿ ಸಲ ಅದೇ ಜಾಗಕ್ಕೆ ಹೋಗುವ ಸೆಂಟಿನೆಲ್ ಸೈಟ್ ಇರುತ್ತವೆ, ಪ್ರತಿ ಸಲ ಬದಲಾಗುವ ರ್ಯಾಂಡಮ್ ಸೈಟ್ ಇರುತ್ತವೆ. ಗೆರೆ ಸೆಂಟಿನೆಲ್‌ಗೆ ಮಾತ್ರ, ಅದೂ ರಾತ್ರಿ ಸ್ಲೈಡ್ ಮಾತ್ರ. ಉಳಿದದ್ದನ್ನು ಚುಕ್ಕೆಯಾಗಿ ಇಡಿ. ಪ್ರತಿ ಚುಕ್ಕೆಯ ಪಕ್ಕ ಎಷ್ಟು ಸ್ಲೈಡ್ ಅಂತ ಬರೆಯಿರಿ. 300 ಸ್ಲೈಡ್ ನೋಡಿ ಒಂದೂ ಸಿಗದಿದ್ದರೂ ನಿಜವಾದ ದರ ನೂರಕ್ಕೆ 1ರವರೆಗೆ ಇರಬಹುದು. 100 ನೋಡಿದ್ದರೆ 3ರವರೆಗೆ. ಕಾರ್ಯಕ್ರಮದವರು ನೋಡುವ ಗಡಿಯೇ ನೂರಕ್ಕೆ 1, ಹಾಗಾಗಿ 100 ಸ್ಲೈಡಿನ ಸೊನ್ನೆ ನಂಬಿ ಯಾರೂ ಮಾತ್ರೆ ನಿಲ್ಲಿಸಬಾರದು.

ಘಟಪ್ರಭಾ_ದಂಡೆ
ಹಗಲಿನದು, ಸ್ಟ್ರಿಪ್‌ನದು ಬೇರೆ ಮಾಡಿದೆ. ಸೊನ್ನೆಯ ಪಟ್ಟಿ ಹೋಯಿತು, ಏರಿಕೆಯೂ ಹೋಯಿತು. ಆದರೆ ಮಧ್ಯದ ಎರಡು ವರ್ಷಕ್ಕೆ ಸಮಯವೇ ಬರೆದಿಲ್ಲ. ಹಿಂದಿನ ಮುಂದಿನ ವರ್ಷ ನೋಡಿ ರಾತ್ರಿ ಅಂತ ಹಾಕಲಾ?

ಕೀಲಿಮಣೆ_ರಾಯರು
ಹಾಕಬೇಡಿ. ಖಾಲಿ ಸೆಲ್ ಖಾಲಿಯೇ ಇರಲಿ. ಚಾರ್ಟ್ ಸೆಟ್ಟಿಂಗ್‌ನಲ್ಲಿ ಖಾಲಿ ಜಾಗಕ್ಕೆ ಗೆರೆ ಜೋಡಿಸಬೇಡ, ಸೊನ್ನೆ ಅಂತಲೂ ತಿಳಿಯಬೇಡ ಅಂತ ಹೇಳುವ ಆಯ್ಕೆ ಇದೆ. ಅದನ್ನು ಒತ್ತಿ.

ರಾತ್ರಿಪಾಳಿ
ಆ ಕಾಲದ ಜೀಪಿನ ಲಾಗ್‌ಬುಕ್ ಸಿಗುತ್ತದಾ ಕೇಳಿ. ರಾತ್ರಿ ಗಾಡಿ ಹೊರಟಿದ್ದರೆ ಹೊರಟ ಸಮಯ, ಬಂದ ಸಮಯ, ಕಿಲೋಮೀಟರ್ ಬರೆದು ಸಹಿ ಮಾಡಿರುತ್ತಾರೆ.

ಮಸೂರ_ಪ್ರೇಮಿ
ಫೋಟೋ ಹಾಕಿದ್ದೇನೆ, ನೋಡಿ. ಎಲ್‌ಇಡಿ ಮುಂದೆ ಬಟರ್ ಪೇಪರ್ ಇಟ್ಟರೆ ಬೆಳಕು ಇನ್ನೂ ಸಮ ಬರುತ್ತದೆ.

ಘಟಪ್ರಭಾ_ದಂಡೆ
ಸೋಮವಾರ ಹೋಗಿ ಲಾಗ್‌ಬುಕ್ ಕೇಳುತ್ತೇನೆ ಅಕ್ಕಾ. ಅದರಲ್ಲಿ ಯಾವ ವಾರ್ಡ್ ಅಂತ ಇರುತ್ತದಾ?

ರಾತ್ರಿಪಾಳಿ
ಜಾಸ್ತಿ ಬರೀ 'ಎನ್‌ಬಿಎಸ್ ಕೆಲಸ, ಬಾಗಲಕೋಟೆ' ಅಂತ ಇರುತ್ತದೆ, ಎನ್‌ಬಿಎಸ್ ಅಂದರೆ ರಾತ್ರಿ ರಕ್ತ ಸಮೀಕ್ಷೆ. ಆ ದಿನಾಂಕ ಹಿಡಿದು ಸ್ಲೈಡ್ ನಂಬರ್ ಜೊತೆ ತಾಳೆ ಹಾಕಿ, ವಾರ್ಡ್ ಅಲ್ಲಿಂದ ಸಿಗುತ್ತದೆ.