ಪದಚರ್ಚೆ: ‘ಲ್ಯಾಟರಿಶಸ್’ ಗಸಿ ಎಂದರೆ ಎಂಥ ಗಸಿ?

ಹಳೆಯ ಇಂಗ್ಲಿಷ್ ವೈದ್ಯಗ್ರಂಥಗಳಲ್ಲಿ ಮೂತ್ರದ ವಿವರ ಬಂದಲ್ಲಿ ‘ಲ್ಯಾಟರಿಶಸ್’ ಎಂಬ ವಿಶೇಷಣ ಸಿಗುತ್ತದೆ. ಬೀದರಿನವರಿಗೆ ಅದನ್ನು ಕಂಡೊಡನೆ ನೆನಪಾಗುವುದು ಲ್ಯಾಟರೈಟ್. ಊರು, ಕೋಟೆ ಎಲ್ಲ ಆ ಕೆಂಪುಕಲ್ಲಿನ ಮೇಲೇ ಇವೆ. ಹಾಗೆಂದು ‘ಮುರುಮಿನಂಥ ಗಸಿ’, ಅಂದರೆ ಕೆಂಪು ಗರಸುಮಣ್ಣಿನಂಥ ಗಸಿ, ಎಂದು ಅನುವಾದಿಸಿದರೆ ತಪ್ಪಾಗುತ್ತದೆ. ಈ ಪದ ಹೇಳುವುದು ಬಣ್ಣವನ್ನಷ್ಟೇ. ‘ಇಟ್ಟಿಗೆಗೆಂಪು’ ಸರಿಯಾದ ಮಾತು.

ಲ್ಯಾಟಿನ್ನಿನಲ್ಲಿ ‘ಲತೆರ್’ ಎಂದರೆ ಇಟ್ಟಿಗೆ. ಅದರಿಂದ ಬಂದ ‘ಲತೆರಿಕಿಯುಸ್’ಗೆ ಇಟ್ಟಿಗೆಯಿಂದಾದದ್ದು ಎಂದರ್ಥ. ಇಂಗ್ಲಿಷ್ ವೈದ್ಯರ ಬಳಕೆಯಲ್ಲಿ ವಸ್ತು ಕಳೆದು ಬಣ್ಣ ಉಳಿಯಿತು. ನಿಘಂಟು ನೋಡುವಾಗ ಒಂದು ಎಚ್ಚರ ಬೇಕು. ‘ಪಕ್ಕ’ ಎಂಬರ್ಥದ ‘ಲತುಸ್’ ಕೂಡ ಷಷ್ಠಿಯಲ್ಲಿ ‘ಲತೆರಿಸ್’ ಆಗುತ್ತದೆ, ಇಟ್ಟಿಗೆಯ ‘ಲತೆರ್’ ಕೂಡ ಅದೇ ರೂಪ ತಾಳುತ್ತದೆ. ‘ಲ್ಯಾಟರಲ್’ ಹುಟ್ಟಿದ್ದು ಪಕ್ಕದಿಂದ. ಷಷ್ಠಿರೂಪವೊಂದನ್ನೇ ನೋಡಿ ಎರಡನ್ನೂ ಒಂದೇ ಬೇರಿಗೆ ಕಟ್ಟಬಾರದು.

ಕಲ್ಲಿನ ಕಥೆ ಬೇರೆ, ಮತ್ತು ನಮಗೆ ಹತ್ತಿರದ್ದು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಮಲಬಾರಿನ ಅಂಗಾಡಿಪುರದ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ನೆಲದೊಳಗೆ ಇರುವಾಗ ಅದು ಮೆತ್ತಗಿರುತ್ತದೆ. ಕಬ್ಬಿಣದ ಹತಾರದಿಂದ ಚೌಕವಾಗಿ ಕಡಿದು ಗಾಳಿಗೆ ಇಟ್ಟರೆ ಬಿರುಸಾಗುತ್ತದೆ. ಅಲ್ಲಿನ ಜನ ಅದನ್ನು ‘ಇಟ್ಟಿಗೆ ಕಲ್ಲು’ ಎನ್ನುತ್ತಿದ್ದರೆಂದು ಅವನೇ ಬರೆದಿದ್ದಾನೆ. ಅಂದರೆ ಈ ಹೆಸರು ನಮ್ಮ ದ್ರಾವಿಡ ನುಡಿಗಳ ಮಾತಿಗೆ ಲ್ಯಾಟಿನ್ ಉಡುಪು ತೊಡಿಸಿದಂತಿದೆ. ಹೆಸರಿಗೆ ಕಾರಣ ಕಲ್ಲಿನ ಬಣ್ಣವಲ್ಲ, ಬಳಕೆ. ‘ಇಟ್ಟಿಗೆ’ಯೂ ಸಂಸ್ಕೃತದ ‘ಇಷ್ಟಕಾ’ ಪ್ರಾಕೃತದ ದಾರಿಯಲ್ಲಿ ಬಂದ ರೂಪ. ಈ ಕಲ್ಲಿಗೆ, ಮಣ್ಣಿಗೆ ಇಂಗ್ಲಿಷಿನಲ್ಲಿ ಬಳಸುವ ವಿಶೇಷಣ ‘ಲ್ಯಾಟರಿಟಿಕ್’. ಮಳೆಗಾಳಿಗೆ ಕಪ್ಪಿಟ್ಟ ಕೋಟೆಗೋಡೆಗೂ ಅದು ಸಲ್ಲುತ್ತದೆ, ‘ಲ್ಯಾಟರಿಶಸ್’ ಸಲ್ಲುವುದಿಲ್ಲ.

ಇನ್ನು ಗಸಿ. ಆಮ್ಲೀಯ ಮೂತ್ರ ತಣ್ಣಗಾದಾಗ ಯುರೇಟ್ ಲವಣಗಳು ಬೇರ್ಪಟ್ಟು ತಳದಲ್ಲಿ ಕೂಡುತ್ತವೆ. ಯೂರೋಎರಿಥ್ರಿನ್ ಎಂಬ ವರ್ಣದ್ರವ್ಯ ಅವಕ್ಕೆ ಹತ್ತಿಕೊಂಡು ಇಟ್ಟಿಗೆಪುಡಿಯ ಬಣ್ಣ ಕೊಡುತ್ತದೆ. ಪರೀಕ್ಷಾನಳಿಕೆಯನ್ನು ಬೆಚ್ಚಗೆ ಮಾಡಿದರೆ ಈ ಗಸಿ ಕರಗುತ್ತದೆ. ಬಿಳಿಯ ಫಾಸ್ಫೇಟ್ ಗಸಿ ಹಾಗಲ್ಲ: ಕಾಯಿಸಿದರೆ ಕರಗದು, ಕೆಲವು ಹನಿ ಅಸಿಟಿಕ್ ಆಮ್ಲ ಬಿಟ್ಟರೆ ಕರಗುತ್ತದೆ. ಇಟ್ಟಿಗೆ ಬಣ್ಣದ ಗಸಿಯ ಕೆಂಪು ವರ್ಣದ್ರವ್ಯದ್ದು, ರಕ್ತದ್ದಲ್ಲ. ಹಾಗಾಗಿ ಅನುವಾದದಲ್ಲಿ ‘ರಕ್ತವರ್ಣದ ಗಸಿ’ ಎಂದು ಬರೆಯಬೇಡಿ. ಓದಿದವರು ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದು ತಿಳಿದಾರು, ಅದು ಬೇರೆಯದೇ ಲಕ್ಷಣ.